ಕೋಟೆಯಿಂದ ಇಗರ್ಜಿಯವರೆಗೆ ತುಳು

ಡಾಕ್ಟರರು ಬಹಳ ಸುಲಭವಾಗಿ ಹೇಳಿಬಿಟ್ಟರು: "ಸಮತಟ್ಟಾದ ಜಾಗದಲ್ಲಿ ದಿನಾ ಅರ್ಧ ಗಂಟೆ ನಡೆಸಿ." ಮಣಿಪಾಲದ ಗುಡ್ಡೆಯ ಮೇಲೆ ಕೂತು ಸಮತಟ್ಟಾದ ಜಾಗ ಎನ್ನಲು ಎಷ್ಟು ಧೈರ್ಯ ಬೇಕು! ಅಲ್ಲಿ ಬಾಗಿಲಿನಿಂದ ಹೊರಗೆ ಕಾಲಿಟ್ಟರೆ ಒಂದೋ ಹತ್ತಬೇಕು, ಇಲ್ಲವೇ ಇಳಿಯಬೇಕು.

ನಡೆಸಬೇಕಾದದ್ದು ಇವರನ್ನು. ಇವರು ಎಂದರೆ ನನ್ನ ಗಂಡ, ಮೂವತ್ತು ವರ್ಷಕ್ಕೂ ಮೀರಿ ಕನ್ನಡ ಕಲಿಸಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಕಳೆದ ನವರಾತ್ರಿಯ ಒಂದು ಬೆಳಿಗ್ಗೆ ಪೇಪರ್ ಓದುತ್ತ ಕೂತವರು ಹಾಗೆಯೇ ಬಲಕ್ಕೆ ವಾಲಿದರು. ಸ್ಟ್ರೋಕ್. ಬಲಗೈ, ಬಲಗಾಲು ಸೋತವು. ಕಾಲು ನಾಲ್ಕು ತಿಂಗಳಲ್ಲಿ ಸ್ವಲ್ಪ ಸ್ವಲ್ಪ ಮರಳಿತು. ಮಾತು ಮರಳಲಿಲ್ಲ. ಏನು ಕೇಳಿದರೂ ಬಾಯಿ ತೆರೆದು, ತುಟಿ ಜೋಡಿಸಿ, ಏನೋ ಹುಡುಕುವವರ ಹಾಗೆ ನೋಡಿ, ಸುಮ್ಮನಾಗುತ್ತಿದ್ದರು.

ಮಗಳು ಕಾರ್ಕಳದಲ್ಲಿ ಟೀಚರು. ಭಾನುವಾರ ಬಂದು ಕಾರಿನಲ್ಲಿ ಕೂರಿಸಿಕೊಂಡು ನಮ್ಮನ್ನು ಅಲ್ಲಿ ಇಲ್ಲಿ ಕರೆದುಕೊಂಡು ಹೋದಳು. ಕಾಪುವಿನ ಕಡಲ ತೀರದಲ್ಲಿ ಮರಳಿಗೆ ಕಾಲು ಹೂತುಹೋಗಿ ಹತ್ತು ಹೆಜ್ಜೆಗೆ ಸುಸ್ತು. ಮಣಿಪಾಲದ ಕೆರೆಯ ಸುತ್ತ ದಾರಿ ಚಂದ ಉಂಟು, ಆದರೆ ಅಲ್ಲಿ ಕಿವಿಗೆ ವಯರು ಸಿಕ್ಕಿಸಿಕೊಂಡು ಓಡುವವರದ್ದೇ ಸಂತೆ. ಒಬ್ಬಾತ ಹಿಂದಿನಿಂದ "ಎಕ್ಸ್‌ಕ್ಯೂಸ್ ಮಿ" ಎಂದು ಕೂಗಿದ್ದಕ್ಕೆ ಇವರು ಬೆಚ್ಚಿ ಕೋಲು ಬಿಟ್ಟರು. ಕಡೆಗೆ ನಾನೇ ಹೇಳಿದೆ, "ಮಾರಾಯ್ತಿ, ಊರೆಲ್ಲ ಸುತ್ತುವುದು ಎಂತಕ್ಕೆ? ನಮ್ಮ ಮನೆ ಹಿಂದೆಯೇ ಹೊಳೆ ಉಂಟಲ್ಲ."

ನಮ್ಮದು ಉದ್ಯಾವರ. ಮನೆಯ ಹಿಂದೆ ತೆಂಗಿನ ಮರಗಳು, ಮರಗಳಾಚೆ ಹೊಳೆದಂಡೆ. ದಂಡೆಯ ಮೇಲೆ ಹೊರಟರೆ ಸ್ವಲ್ಪ ದೂರದಲ್ಲಿ ಹಳೆಯ ಕೋಟೆ. ಅದನ್ನು ದಾಟಿ ಅಷ್ಟೇ ದೂರ ಹೋದರೆ ಕ್ರಿಶ್ಚಿಯನ್ನರ ಇಗರ್ಜಿ. ಹೋಗಿ ಬರಲು ಆರೋಗ್ಯವಂತರಿಗೆ ಇಪ್ಪತ್ತು ನಿಮಿಷ, ನಮಗೆ ಒಂದೂವರೆ ಗಂಟೆ. ಕೋಟೆ ಎಂದೊಡನೆ ಬುರುಜು, ಹೆಬ್ಬಾಗಿಲು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಒಂದು ಮಣ್ಣಿನ ದಿಬ್ಬ, ಅದರೊಳಗಿಂದ ಇಣುಕುವ ಕೆಂಪು ಮುರಕಲ್ಲಿನ ನಾಲ್ಕೈದು ಸಾಲು, ಸುತ್ತ ಅರ್ಧ ಮುಚ್ಚಿಹೋದ ಕಂದಕ, ನಮ್ಮ ಮಾತಿನಲ್ಲಿ ಅಗಳು. ಅಗಳಿನಲ್ಲಿ ಮಳೆಗಾಲಕ್ಕೆ ನೀರು, ಬೇಸಿಗೆಗೆ ಪ್ಲಾಸ್ಟಿಕ್. ಉಳಿದ ಕಲ್ಲುಗಳು ಊರಿನ ಪಾಗಾರಗಳಲ್ಲಿ, ಬಚ್ಚಲುಗಳಲ್ಲಿ ಇವೆ ಎಂದು ಇವರೇ ಹೇಳುತ್ತಿದ್ದರು. ಶಾಲೆಯ ಮಕ್ಕಳನ್ನು ಸಾಲಾಗಿ ಕರೆತಂದು, ಇದು ಆಳುಪರ ಕಾಲದ್ದು ಎಂದು ದಿಬ್ಬದ ಮೇಲೆ ನಿಂತು ಭಾಷಣ ಮಾಡುತ್ತಿದ್ದರು. ಅಷ್ಟು ಹಳೆಯದಲ್ಲ ಎಂದು ಯಾರಾದರೂ ಹೇಳಿದರೆ ಆ ದಿನ ಮನೆಯಲ್ಲಿ ಊಟದ ಹೊತ್ತಿಗೂ ಅದೇ ಜಗಳ.

ಈಗ ಅದೇ ದಿಬ್ಬದ ಬುಡಕ್ಕೆ ನಾನು ಅವರನ್ನು ಕೈಹಿಡಿದು ತರಬೇಕು. ಐದು ಗಂಟೆಗೆ ಹೊರಡಬೇಕಾದರೆ ನಾಲ್ಕಕ್ಕೇ ತಯಾರಿ. ಅಂಗಿಯ ಬಲತೋಳು ಮೊದಲು, ಎಡತೋಳು ಆಮೇಲೆ. ಬೂಟಿನ ಪಟ್ಟಿ. ಮೂರು ಕಾಲಿನ ಕೋಲು. ಹೆಗಲಿಗೆ ಬೈರಾಸು, ಜೊಲ್ಲು ಒರೆಸಲು. ನೀರಿನ ಬಾಟಲಿ. ಇಷ್ಟಾಗುವಾಗ ನನ್ನ ಸೊಂಟ ಹಿಡಿದುಕೊಂಡಿರುತ್ತದೆ. ಮತ್ತೆ ದಾರಿಯಲ್ಲಿ ಸಿಗುವವರು! "ಮಾಸ್ಟ್ರು ಹೇಗಿದ್ದಾರೆ?" ಎಂದು ಅವರೆದುರೇ ನನ್ನನ್ನು ಕೇಳುವುದು. ಒಬ್ಬರಿಗೆ ಒಂದು ಎಣ್ಣೆ ಗೊತ್ತು, ಇನ್ನೊಬ್ಬರಿಗೆ ಒಂದು ಕಷಾಯ. "ಕೇರಳಕ್ಕೆ ಕರ್ಕೊಂಡು ಹೋಗಿ ಮಾರಾಯ್ರೆ, ಅಲ್ಲಿ ಒಬ್ಬರು ಉಂಟು, ನಾಲಿಗೆ ಮುಟ್ಟಿ ಮಾತು ಬರಿಸ್ತಾರೆ." ನಾಲಿಗೆ ಮುಟ್ಟಿ ಮಾತು ನಿಲ್ಲಿಸುವವರು ಯಾರಾದರೂ ಇದ್ದರೆ ಹೇಳಿ, ಮೊದಲು ನಿಮ್ಮನ್ನೇ ಕರೆದುಕೊಂಡು ಹೋಗುತ್ತೇನೆ ಎಂದು ಬಾಯಿಯವರೆಗೆ ಬರುತ್ತಿತ್ತು. ನುಂಗಿಕೊಂಡು "ನೋಡುವ" ಎನ್ನುತ್ತಿದ್ದೆ. ಸಿಟ್ಟು ಮಾಡಲಿಕ್ಕೂ ತ್ರಾಣ ಬೇಕಲ್ಲ.

ಮಾತಿನ ತರಬೇತಿಗೆ ಹೋಗುತ್ತಿದ್ದದ್ದು ಪರ್ಕಳಕ್ಕೆ. ಒಂದು ಬೇಕರಿಯ ಮಾಳಿಗೆಯ ಮೇಲೆ ಚಿಕ್ಕ ಕೋಣೆ, ಅಲ್ಲಿ ಧಾರವಾಡದ ಕಡೆಯ ಒಬ್ಬ ಹುಡುಗಿ ಸ್ಪೀಚ್ ಥೆರಪಿ ಮಾಡುತ್ತಿದ್ದಳು. ಮೊದಲ ದಿನ ಒಂದು ಫಾರಂ ಕೊಟ್ಟಳು. ಹೆಸರು, ವಯಸ್ಸು, ಶಿಕ್ಷಣ, ಉದ್ಯೋಗ, ಮಾತೃಭಾಷೆ. ನಾನು ಪೋಸ್ಟಾಫೀಸಿನ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಊರವರ ಫಾರಂ ಎಲ್ಲ ತುಂಬಿಸಿಕೊಟ್ಟ ಕೈ ಇದು. ಒಂದೇ ಉಸಿರಿಗೆ ತುಂಬಿಸಿದೆ. ಮಾತೃಭಾಷೆ: ಕನ್ನಡ.

ಅವಳು ಓದಿ ನೋಡಿ ಕೇಳಿದಳು, "ಮನಿಯಾಗೂ ಕನ್ನಡನಽ ಮಾತಾಡ್ತೀರೇನ್ರೀ?"

"ಹೌದು, ಕನ್ನಡವೇ. ಇವರು ಕನ್ನಡ ಮಾಸ್ಟ್ರಲ್ವಾ," ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಸುಳ್ಳು ಹೇಳಿದೆ ಎಂದು ನನಗೆ ಅನಿಸಲೇ ಇಲ್ಲ. ಇವರ ತಾಯಿ ತುಳು, ನನ್ನ ತಾಯಿ ತುಳು, ನಾವಿಬ್ಬರೂ ತೊಟ್ಟಿಲಲ್ಲಿ ಕೇಳಿದ್ದು ತುಳು. ಆದರೆ ಫಾರಮ್ಮಿನಲ್ಲಿ ಯಾರಾದರೂ ತುಳು ಎಂದು ಬರೆಯುತ್ತಾರಾ? ಮನೆಯಲ್ಲಿ ಮಾತಾಡುವುದು ಒಂದು, ಬರೆಯುವ ಜಾಗದಲ್ಲಿ ಬರೆಯುವುದು ಇನ್ನೊಂದು. ಆ ಗೆರೆಯ ಮೇಲೆ ಕನ್ನಡ ಎಂದು ಬರೆಯುವುದಕ್ಕೆ ನಮ್ಮ ಕಡೆಯವರಿಗೆ ಯೋಚನೆ ಬೇಕಾಗುವುದಿಲ್ಲ. ಅದೂ ಅಲ್ಲದೆ ನಮ್ಮ ಮನೆಯ ಕಥೆಯೇ ಬೇರೆ. ಮದುವೆಯಾಗಿ ಬಂದ ವರ್ಷವೇ ಇವರು, ಮನೆಯಲ್ಲಿ ಕನ್ನಡ ಮಾತಾಡಬೇಕು, ಹುಟ್ಟುವ ಮಕ್ಕಳ ಕಿವಿಗೆ ಶುದ್ಧ ಭಾಷೆ ಬೀಳಬೇಕು ಎಂದು ಕಾನೂನು ಮಾಡಿದ್ದರು. ನಾನು "ಮಳೆ ಬರ್ಲಿಕ್ಕುಂಟು" ಎಂದರೆ "ಬರುವುದಿದೆ" ಎಂದು ತಿದ್ದುತ್ತಿದ್ದರು. ಹೊಸ ಸೊಸೆಗೆ ಗಂಡನ ಕೆಂಪು ಶಾಯಿ! ಅವರು ತುಳು ಮಾತಾಡುತ್ತಿದ್ದದ್ದು ನನ್ನ ಅತ್ತೆಯ ಹತ್ತಿರ ಮಾತ್ರ. ಅತ್ತೆ ಹೋಗಿ ಇಪ್ಪತ್ತು ವರ್ಷ ಕಳೆದಿತ್ತು.

ಥೆರಪಿ ಹುಡುಗಿ ಖಡಾಖಂಡಿತವಾಗಿ ಹೇಳಿದ್ದಳು: "ಒಂದಽ ಭಾಷಾ ಇರ್ಲಿ ಅಮ್ಮಾರ. ಮಿಕ್ಸ್ ಮಾಡಬ್ಯಾಡ್ರಿ, ಸರ್ ಗೊಂದಲ ಆಗ್ತಾರ." ನಾನು ಅದನ್ನು ವ್ರತದ ಹಾಗೆ ಹಿಡಿದೆ. ಚಿತ್ರದ ಕಾರ್ಡು ತೋರಿಸಿ ದಿನಕ್ಕೆ ಎರಡು ಸಲ "ನೀರು... ಅನ್ನ... ಬಾಗಿಲು..." ಎಂದು ಹೇಳಿಸಿದೆ. ನೋಡಲು ಬಂದ ನೆಂಟರು ತುಳುವಿನಲ್ಲಿ ಬಾಯಿ ತೆರೆದರೆ "ಕನ್ನಡ, ಕನ್ನಡ ಮಾತಾಡಿ, ಹೇಳಿದ್ದಾರೆ" ಎಂದು ತಡೆದೆ. ನನ್ನ ತಮ್ಮನಿಗೆ ಕನ್ನಡ ಬಾಯಿಗೆ ಹತ್ತುವುದಿಲ್ಲ. ಅವನು ಭಾವನ ಎದುರು ಅರ್ಧ ಗಂಟೆ ಬಾಯಿ ಮುಚ್ಚಿ ಕೂತು, ಕಾಫಿ ಕುಡಿದು ಹೋದ. ಇವರ ಕಣ್ಣು ಅವನನ್ನು ಬಾಗಿಲವರೆಗೆ ಹಿಂಬಾಲಿಸಿತ್ತು. ಅದರ ಅರ್ಥ ನನಗಾಗಲಿಲ್ಲ. ಆಗಿದ್ದರೂ ಏನು, ವ್ರತ ಹಿಡಿದಿದ್ದೆನಲ್ಲ.

ಹೀಗೆ ಎಂಟು ತಿಂಗಳು. ಒಂದು ಶಬ್ದ ಬರಲಿಲ್ಲ.

ಬೇಸಿಗೆ ಮುಗಿಯುತ್ತ ಬಂದ ಒಂದು ಸಂಜೆ. ಇಗರ್ಜಿಯ ಮೆಟ್ಟಿಲ ಹತ್ತಿರ ಒಬ್ಬ ವಯಸ್ಸಾದ ಬಾಯಮ್ಮ ಕಸ ಗುಡಿಸುತ್ತಿದ್ದರು. ಕ್ರಿಶ್ಚಿಯನ್ ಹೆಂಗಸರನ್ನು ನಾವು ಬಾಯಮ್ಮ ಎಂದೇ ಕರೆಯುವುದು. ಅವರ ಮನೆಮಾತು ಕೊಂಕಣಿ, ನಮ್ಮಂಥವರ ಜೊತೆ ತುಳು. ಮಗನ ಮನೆಯಿಂದ ಬಹಳ ತಿಂಗಳ ಮೇಲೆ ಮರಳಿದವರಂತೆ. ಸ್ಟ್ರೋಕಿನ ವಿಷಯವಾಗಲಿ ನನ್ನ ಕಾನೂನಾಗಲಿ ಅವರಿಗೆ ಗೊತ್ತಿರಲಿಲ್ಲ. ಹಿಡಿಸೂಡಿ ನಿಲ್ಲಿಸಿ, ನನ್ನನ್ನು ಬಿಟ್ಟು ನೇರ ಇವರನ್ನೇ ನೋಡಿ ಕೇಳಿದರು:

"ಮಾಸ್ಟ್ರೆ, ಎಂಚ ಉಲ್ಲರ್?" ಹೇಗಿದ್ದೀರಿ ಎಂದು.

ತಡೆಯಲು ನಾನು ಕೈ ಎತ್ತಿದ್ದೆ.

"ಉಲ್ಲೆ," ಎಂದರು ಇವರು.

ಇದ್ದೇನೆ ಎಂದು. ಸ್ವಲ್ಪ ಒಡೆದ ಸ್ವರ, ಆದರೆ ಸ್ಪಷ್ಟ. ಎಂಟು ತಿಂಗಳಿಂದ ಕೇಳದ ಸ್ವರ. ಬಾಯಮ್ಮನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. "ದೇವೆರ್ ಎಡ್ಡೆ ಮಲ್ಪಡ್," ದೇವರು ಒಳ್ಳೆಯದು ಮಾಡಲಿ, ಎಂದು ಹೇಳಿ ಮತ್ತೆ ಗುಡಿಸತೊಡಗಿದರು. ನಾನು ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, "ನೀರು ಬೇಕಾ?" ಎಂದೆ. ಅದೇ ಹುಡುಕುವ ನೋಟ. ಸುತ್ತ ಯಾರಾದರೂ ಇದ್ದಾರೋ ಎಂದು ನೋಡಿದೆ, ಯಾಕೆ ನೋಡಿದೆನೋ! ಮೆಲ್ಲಗೆ ಕೇಳಿದೆ, "ನೀರ್ ಬೋಡಾ?"

"ಬೋಡು."

ಅಯ್ಯೋ ದೇವರೇ. ಬೇಕು ಎಂದರು. ಕುಡಿದರು. ನಾನು ಇಗರ್ಜಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಖುಷಿಗೆ ಅಳು ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ಮೊದಲು ಬಂದದ್ದು ಖುಷಿಯೇ. ಅದರ ಬೆನ್ನಿಗೇ ಪರ್ಕಳದ ಫಾರಂ ಕಣ್ಣೆದುರು ಬಂತು, ನನ್ನದೇ ದುಂಡು ಅಕ್ಷರ ಸಮೇತ. ಎಂಟು ತಿಂಗಳು ಇವರನ್ನು ಬೀಗ ಹಾಕಿದ ಬಾಗಿಲ ಮುಂದೆ ಕೂರಿಸಿ ನಾನು ತಟ್ಟಿಸುತ್ತಿದ್ದೆ. ತೆರೆದ ಬಾಗಿಲ ಕಡೆಗೆ ಬಂದವರನ್ನೆಲ್ಲ ನಾನೇ ಕೈ ಅಡ್ಡ ಹಿಡಿದು ತಡೆದಿದ್ದೆ.

ಕೂಡಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಮಗಳಿಗೆ ಫೋನು ಮಾಡಿ, ಇಟ್ಟುಬಿಟ್ಟೆ. ಹೇಳಿದರೆ ತಪ್ಪು ಯಾರದ್ದು ಎಂದೂ ಹೇಳಬೇಕಲ್ಲ. ಪರ್ಕಳದಲ್ಲಿ ಮೊದಲ ತಿಂಗಳೇ ಆ ಹುಡುಗಿ ಹೇಳಿದ್ದಳು, ಶುರುವಿನ ಆರು ತಿಂಗಳಲ್ಲಿ ಬಂದಷ್ಟು ಆಮೇಲೆ ಬರುವುದು ಕಷ್ಟ ಎಂದು. ಆ ಆರು ತಿಂಗಳು ಮುಗಿದಿತ್ತು. ನುಂಗಿದವಳು ನಾನು. ಇದನ್ನು ಯಾವ ಬಾಯಲ್ಲಿ ಹೇಳಲಿ?

ಹಾಗಾಗಿ ಕಳ್ಳತನ ಶುರುವಾಯಿತು. ಮನೆಯಲ್ಲಿ ಕನ್ನಡದ ಕಾರ್ಡು. ದಂಡೆಗೆ ಇಳಿದು ಕೋಟೆಯವರೆಗೂ ಕನ್ನಡವೇ, ಅಲ್ಲಿ ನೆರೆಯವರ ಮನೆಗಳಿವೆ. ಕೋಟೆಯ ಅಗಳು ದಾಟಿದ ಕೂಡಲೇ ತುಳು. ಅಲ್ಲಿಂದ ಇಗರ್ಜಿಯವರೆಗೆ ಜನ ಕಡಿಮೆ. "ಬಚ್ಚುಂಡಾ?" ದಣಿವಾಯಿತಾ ಎಂದರೆ "ಇಜ್ಜಿ" ಎನ್ನುತ್ತಿದ್ದರು, ಇಲ್ಲ ಎಂದು. "ಕುಲ್ಲುಗ" ಎಂದರೆ ಕೂರುತ್ತಿದ್ದರು. ಒಂದು ದಿನ ಹೊಳೆಯಲ್ಲಿ ದೋಣಿ ಕಂಡು ತಾವಾಗಿಯೇ "ಓಡ" ಎಂದರು. ನಾನು ಬೆನ್ನು ತಟ್ಟಿದೆ. ಹೆಡ್‌ಮಾಸ್ಟರ ಬೆನ್ನು ತಟ್ಟಿದ್ದಕ್ಕೆ ಅವರು ಹುಬ್ಬು ಗಂಟಿಕ್ಕಿದ್ದು ನೋಡಿ ನಗುವೂ ಬಂತು.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ಕದ್ದ ಮುಕ್ಕಾಲು ಗಂಟೆಯಲ್ಲಿ ನನಗೂ ಒಂದು ಸುಖ ಇತ್ತು. ನನ್ನ ಬಾಯಿಯ ತುಳುವನ್ನು ಇಷ್ಟು ವರ್ಷ ಅಡಿಗೆಮನೆಗೆ, ತವರಿನ ಫೋನಿಗೆ ಇಟ್ಟುಕೊಂಡಿದ್ದೆ. ಈಗ ಗಂಡನ ಎದುರು ಆಡುತ್ತಿದ್ದೆ, ಮತ್ತು ಅವರಿಗೆ ಅದಲ್ಲದೆ ಬೇರೆ ಗತಿ ಇರಲಿಲ್ಲ. ತಿದ್ದುವ ಬಾಯಿಗೆ ತಿದ್ದಲು ಆಗುತ್ತಿರಲಿಲ್ಲ. ಒಂದೆರಡು ಸಲ "ಬೇಕಿತ್ತು ನಿಮಗೆ" ಎಂದು ಮನಸ್ಸಿನಲ್ಲಿ ಅಂದುಕೊಂಡೆ ಕೂಡ. ಅದೇ ಘಳಿಗೆಯಲ್ಲಿ ಅವರ ಗಲ್ಲದ ಜೊಲ್ಲು ಒರೆಸಬೇಕಾಗಿ ಬಂದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಎರಡು ವಾರ ಹೀಗೆ ನಡೆಯಿತು. ಪರ್ಕಳದಲ್ಲಿ ಮಾತ್ರ ಇವರು ಮೊದಲಿನ ಹಾಗೆ ಮೂಕ. ಒಂದು ಮಂಗಳವಾರ ಕಾರ್ಡುಗಳನ್ನೆಲ್ಲ ಜೋಡಿಸಿ ಬದಿಗಿಟ್ಟು ಹುಡುಗಿ ನನ್ನ ಕಡೆ ತಿರುಗಿದಳು. ಅವಳ ಕಣ್ಣು ತಗ್ಗಿತ್ತು.

"ಅಮ್ಮಾರ, ಹೇಳಾಕ ಬ್ಯಾಸರ ಆಗ್ತದರೀ. ಇಷ್ಟು ತಿಂಗಳು ನೋಡಿದ್ವಿ. ಸರ್‌ಗೆ ಮಾತು ಮರಳಿ ಬರೂ ಲಕ್ಷಣ ನನಗ ಕಾಣವಲ್ದು. ಈ ತಿಂಗಳಿಗೆ ನಿಲ್ಲಿಸೋಣೇನ್ರೀ? ನಿಮಗೂ ಮಾಳಿಗಿ ಹತ್ತಿ ಇಳಿದು ಸಾಕಾಗೇತಿ."

ಸಾಕಾಗಿತ್ತು, ಹೌದು. ಹೂಂ ಎಂದು ಎದ್ದು ಬಂದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಇವರು ಕುರ್ಚಿಯಲ್ಲಿ ಕೂತು ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದರು. ಏನು ತೀರ್ಮಾನವಾಗುತ್ತಿದೆ ಎಂದು ಅವರಿಗೆ ಗೊತ್ತಾಗಿತ್ತು. ಎಡಗೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು.

ನಾನು ಅವಳಿಗೆ ಉತ್ತರ ಕೊಡದೆ ಇವರ ಕಡೆ ಬಾಗಿ ಕೇಳಿದೆ, "ಇಲ್ಲಡೆ ಪೋಯಿಯಾ?"

"ಪೋಯಿ," ಎಂದರು ಇವರು. ಮನೆಗೆ ಹೋಗುವ ಎಂದು.

ಹುಡುಗಿ ಎದ್ದು ನಿಂತಳು. "ಏನಂದ್ರು? ಏನಂದ್ರು ಅವರು?"

ಎಲ್ಲ ಹೇಳಿದೆ. ಬಾಯಮ್ಮನ ವಿಷಯ, ಎರಡು ವಾರದ ಕಳ್ಳತನ, ಎಲ್ಲ. ಅವಳು ಫೈಲು ತೆರೆದು ಆ ಫಾರಂ ತೆಗೆದಳು. "ನಾ ಎರಡನೇ ಸಲ ಕೇಳಿದ್ನೆಲ್ರಿ ಅಮ್ಮಾರ, ಮನಿಯಾಗೂ ಕನ್ನಡಾನಽ ಅಂತ," ಎಂದಳು. ಬೈದಿದ್ದರೆ ಎಷ್ಟೋ ವಾಸಿ. ಆಮೇಲೆ ನನ್ನ ಅಕ್ಷರದ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ 'ತುಳು' ಎಂದು ಬರೆದಳು.

"ಮೊದಲಿನ ಆರು ತಿಂಗಳು ಭಾಳ ಮುಖ್ಯ ಇದ್ದವು. ನಿಮಗ ಸುಳ್ಳು ಹೇಳಂಗಿಲ್ಲ," ಎಂದಳು. "ಆದ್ರ ಇಷ್ಟು ತಡವಾಗಿಯೂ ಬಂದೇತಂದ್ರ, ಇನ್ನೂ ಬರ್ತೈತಿ. ಎಷ್ಟಂತ ಕೇಳಬ್ಯಾಡ್ರಿ. ನನಗ ತುಳು ಬರೂದಿಲ್ಲ, ಕಲಿಸೋ ಪದ್ಧತಿ ನಾ ಹೇಳ್ತೀನಿ, ಮಾತು ನೀವು ಕಲಿಸ್ಬೇಕು." ಪೆನ್ನು ಹಿಡಿದು ಕೂತಳು. "ಹೇಳ್ರಿ. ನೀರಿಗೆ ತುಳುನಾಗ ಏನಂತಾರ?"

"ನೀರ್."

"ಅಷ್ಟಽ?" ಎಂದು ಅವಳು ನಕ್ಕಳು. ನನಗೂ ನಗು ಬಂತು, ನಗುತ್ತಲೇ ಅಳು ಬಂತು. ಇವರು ನಮ್ಮಿಬ್ಬರನ್ನೂ ನೋಡಿ ಮತ್ತೆ "ಪೋಯಿ" ಎಂದರು.

ಮಗಳಿಗೆ ಆ ಭಾನುವಾರ ಹೇಳಿದೆ. ಅವಳು ಕೂಗಾಡಿದಳು. "ಎಂತ ಮಾಡಿದ್ದು ಅಮ್ಮ ನೀವು? ಫಾರಂ ತುಂಬಿಸ್ಲಿಕ್ಕೆ ಗೊತ್ತಿಲ್ವಾ ನಿಮಗೆ? ಎಂಟು ತಿಂಗಳು!" ಕೂಗಿ ಸುಸ್ತಾದ ಮೇಲೆ ಅವಳು ಅಪ್ಪನ ಎದುರು ಹೋಗಿ ಕೂತಳು, ಬಾಯಿ ತೆರೆದಳು, ತಡವರಿಸಿದಳು. ಅಂಗಡಿಯಲ್ಲಿ ಮೀನು ಕೇಳುವಷ್ಟು ತುಳು ಅವಳಿಗೆ ಗೊತ್ತು. ಅಪ್ಪನ ಹತ್ತಿರ ಆಡುವ ತುಳು ಅವಳ ಹತ್ತಿರ ಇರಲಿಲ್ಲ, ಅಪ್ಪನೇ ಇರಗೊಟ್ಟಿರಲಿಲ್ಲ. ನನ್ನ ಕಡೆ ತಿರುಗಿ, ಬೇರೆಯೇ ದನಿಯಲ್ಲಿ, "ಅಮ್ಮ, 'ನನ್ನ ಮೇಲೆ ಬೇಜಾರಾ' ಅಂತ ತುಳುವಿನಲ್ಲಿ ಹೇಗೆ ಕೇಳೋದು?" ಎಂದಳು. ನಲವತ್ತು ವಯಸ್ಸಿನ ಮಗಳು. ಈಗ ಪ್ರತಿ ಭಾನುವಾರ ಕನ್ನಡ ಅಕ್ಷರದಲ್ಲಿ ತುಳು ವಾಕ್ಯ ಬರೆದುಕೊಂಡು ಬರುತ್ತಾಳೆ. ದಂಡೆಯ ಮೇಲೆ ಅಪ್ಪನ ಪಕ್ಕ ನಡೆಯುತ್ತ, ಚೀಟಿ ನೋಡಿ ನೋಡಿ ಓದುತ್ತಾಳೆ. ಉಚ್ಚಾರ ಕೇಳಿದರೆ ನನಗೆ ಕಿವಿ ಮುಚ್ಚಿಕೊಳ್ಳುವ ಹಾಗಾಗುತ್ತದೆ, ಆದರೆ ತಿದ್ದುವುದಿಲ್ಲ.

ಇಷ್ಟಾದರೂ ಹೇಳಬೇಕಾದ ಒಬ್ಬರಿಗೆ ಹೇಳಿರಲಿಲ್ಲ. ಹುಡುಗಿಗೆ ಹೇಳಿದೆ, ಮಗಳಿಗೆ ಹೇಳಿದೆ, ತಮ್ಮನನ್ನು ಕರೆಸಿ ಅವನಿಗೂ ಹೇಳಿದೆ. ಎಂಟು ತಿಂಗಳು ಕಳೆದುಕೊಂಡ ಮನುಷ್ಯನಿಗೇ ಹೇಳಿರಲಿಲ್ಲ. ಅವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಸರಿಯಾಗಿ ಗೊತ್ತಿಲ್ಲ ಎಂಬುದು ನನ್ನ ನೆಪ. ಅರ್ಥವಾಗಿಬಿಟ್ಟರೆ ಎಂಬುದು ಹೆದರಿಕೆ. ಮಾತು ಬಂದರೂ ಈಗ ಅದು ಬರುವುದು ಹನಿ ಹನಿಯಾಗಿ. ದಿನಕ್ಕೆ ಹತ್ತು ಹದಿನೈದು ಶಬ್ದ, ಕೆಲವು ದಿನ ಎರಡೇ. ಬೇಗ ಶುರು ಮಾಡಿದ್ದರೆ ಈ ಹೊತ್ತಿಗೆ ಕೋಟೆಯ ಮೇಲೆ ನಿಂತು ತುಳುವಿನಲ್ಲೇ ಭಾಷಣ ಮಾಡುತ್ತಿದ್ದರೋ ಏನೋ. ಅದನ್ನು ಯಾರೂ ಹೇಳಲಾರರು, ಮತ್ತು ಯಾರೂ ಹೇಳಲಾರರು ಎಂಬುದೇ ದಿನಾ ಬೆಳಿಗ್ಗೆ ನನ್ನ ಜೊತೆ ಏಳುತ್ತದೆ.

ಮೊನ್ನೆ ಮೋಡ ಕಟ್ಟಿದ ಸಂಜೆ. ಇಗರ್ಜಿಯವರೆಗೆ ಹೋಗಿ ಮರಳುವಾಗ ನನ್ನ ಮೊಣಕಾಲು ಕೈಕೊಟ್ಟಿತು. ಕೋಟೆಯ ದಿಬ್ಬದ ಬುಡದಲ್ಲಿ ಒಂದು ಮುರಕಲ್ಲಿನ ಮೇಲೆ ಅವರನ್ನು ಕೂರಿಸಿ, ಪಕ್ಕದ ಕಲ್ಲಿನ ಮೇಲೆ ನಾನೂ ಕುಸಿದೆ. ಹೊಳೆಯಲ್ಲಿ ನೀರು ಇಳಿದು ಕೆಸರಿನ ವಾಸನೆ. ಎದ್ದು ಮನೆಗೆ ಹೋಗಿ, ಬೂಟು ಬಿಚ್ಚಿ, ಅಂಗಿ ಬದಲಿಸಿ, ಊಟ ಮಾಡಿಸಿ... ಎಂದು ಯೋಚಿಸುವಾಗಲೇ ಇನ್ನು ಆಗುವುದಿಲ್ಲ ಎನ್ನಿಸಿತು. ಮೈಯ ದಣಿವು ಹೇಗೂ ಇತ್ತು. ಇದನ್ನೂ ಹೊತ್ತುಕೊಂಡು ಇನ್ನೆಷ್ಟು ದಿನ ನಡೆಯಲಿ?

ಹೇಳಿಬಿಟ್ಟೆ. ತುಳುವಿನಲ್ಲಿ, ಚಿಕ್ಕ ಚಿಕ್ಕ ಮಾತಿನಲ್ಲಿ, ಮಗುವಿಗೆ ಹೇಳುವ ಹಾಗೆ ನಿಲ್ಲಿಸಿ ನಿಲ್ಲಿಸಿ. ಪರ್ಕಳದಲ್ಲಿ ಒಂದು ಕಾಗದ ಕೊಟ್ಟರು. ನಿಮ್ಮ ಭಾಷೆ ಯಾವುದು ಎಂದು ಅದರಲ್ಲಿ ಕೇಳಿದ್ದರು. ತುಳು ಎಂದು ಬರೆಯಬೇಕಿತ್ತು. ನಾನು ಕನ್ನಡ ಎಂದು ಬರೆದೆ. ಅದಕ್ಕೇ ನಿಮಗೆ ಇಷ್ಟು ತಿಂಗಳು ಮಾತು ಬರಲಿಲ್ಲ. "ಎನ್ನ ತಪ್ಪು," ಎಂದೆ. "ಎನ್ನ ತಪ್ಪು."

ಅವರು ನನ್ನನ್ನೇ ನೋಡಿದರು. ಹೊಳೆಯ ಕಡೆ ನೋಡಿದರು. ಬಹಳ ಹೊತ್ತು ತುಟಿ ಜೋಡಿಸಿದರು, ಬಿಟ್ಟರು. ಅರ್ಥವಾಗಲಿಲ್ಲ ಎಂದುಕೊಂಡು, ನಿಜ ಹೇಳಬೇಕೆಂದರೆ ಸ್ವಲ್ಪ ಸಮಾಧಾನವೇ ಆಗಿ, ನಾನು ಕೋಲು ತೆಗೆದುಕೊಳ್ಳಲು ಬಗ್ಗಿದೆ.

"ಯಾನ್‌ಲಾ," ಎಂದರು.

ನಾನೂ ಎಂದು. "ದಾದ? ಈರ್‌ಲಾ ದಾದ?" ನೀವೂ ಏನು, ಎಂದು ಕೇಳಿದೆ.

ಅವರು ಎಡಗೈಯ ತೋರುಬೆರಳನ್ನು ತಮ್ಮ ತೊಡೆಯ ಮೇಲೆ ಇಟ್ಟರು. ಮೆಲ್ಲಗೆ, ಅಕ್ಷರ ಬರೆಯುವ ಹಾಗೆ ಎಳೆದರು. ಎಂಟು ತಿಂಗಳು ಕಾರ್ಡು ಹಿಡಿದು ಗೋಗರೆದರೂ ಬಾರದ ಭಾಷೆಯ ಒಂದು ಶಬ್ದ ಆಗ ಬಂತು.

"ಕನ್ನಡ," ಎಂದರು.

ಬೆರಳು ಒಂದು ಸಾಲು ಕೆಳಗೆ ಸರಿಯಿತು. ಮತ್ತೆ ಬರೆದರು. "ಕನ್ನಡ." ಇನ್ನೂ ಒಂದು ಸಾಲು ಕೆಳಗೆ. "ಕನ್ನಡ."

ನನಗೆ ಆಗ ತಿಳಿಯಿತು. ಪ್ರತಿ ವರ್ಷ ಶಾಲೆ ಶುರುವಾಗುವಾಗ ಮಕ್ಕಳನ್ನು ಸೇರಿಸಲು ಬಂದ ತಾಯಂದಿರನ್ನು ಇವರು ಎದುರು ಕೂರಿಸಿ ಒಂದೊಂದೇ ವಿವರ ಕೇಳಿ ದಾಖಲಾತಿ ಪುಸ್ತಕ ತುಂಬಿಸುತ್ತಿದ್ದರು. ಮನೆಮಾತು ಯಾವುದಮ್ಮ ಎಂದರೆ ಆ ಹೆಂಗಸರು ತುಳು ಎನ್ನುತ್ತಿದ್ದರು, ಬಾಯಮ್ಮಂದಿರು ಕೊಂಕಣಿ ಎನ್ನುತ್ತಿದ್ದರು. ಇವರು ತಲೆಯಾಡಿಸಿ ಎಲ್ಲರಿಗೂ ಒಂದೇ ಬರೆಯುತ್ತಿದ್ದರು, ಒಂದರ ಕೆಳಗೆ ಒಂದು, ಚಂದದ ಅಕ್ಷರದಲ್ಲಿ. ಎಷ್ಟು ವರ್ಷ, ಎಷ್ಟು ಮಕ್ಕಳು.

"ಕನ್ನಡ," ಎಂದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಕನ್ನಡ."

"ಯಾವು," ಎಂದೆ. ಸಾಕು. "ಯಾವು, ಯಾವು." ಅವರ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದು ನನ್ನ ಮಡಿಲಿಗೆ ಎಳೆದುಕೊಂಡೆ. ನನ್ನ ಅಂಗೈಯೊಳಗೆ ಆ ಬೆರಳು ಇನ್ನೂ ಬರೆಯುತ್ತಲೇ ಇತ್ತು.